ಬೀರು ದಾಟಿದ ತಿರುವು

ನನ್ನ ಗಂಡ ಮೂವತ್ತೊಂದು ವರ್ಷದಿಂದ ಊರವರ ಮನೆ ಸಾಮಾನು ಹೊರುತ್ತಿದ್ದಾರೆ. ಮನೆ ಬದಲಿಸುವವರ ಬೀರು, ಮಂಚ, ಹೊಲಿಗೆ ಯಂತ್ರ, ಫ್ರಿಜ್ಜು ಎಲ್ಲವೂ ಇವರ ಬೆನ್ನ ಮೇಲೆ ಕೂತು ಊರು ಸುತ್ತಿವೆ. ನಾಲ್ಕು ಜನರ ತಂಡ, ಒಂದು ಹಳೆಯ ಲಾರಿ, ಹಗ್ಗ, ಹರಿದ ಕಂಬಳಿಗಳು, ಇಷ್ಟೇ ಬಂಡವಾಳ. ತಂಡದಲ್ಲಿ ನನ್ನ ಮೈದುನನೂ ಇದ್ದಾನೆ. ಎಲ್ಲರೂ ಇವರನ್ನು ಮೇಸ್ತ್ರಿ ಅನ್ನುತ್ತಾರೆ. ಯಾವ ಮನೆಗೆ ಹೋದರೂ ಇವರು ನೋಡುವುದು ಎರಡೇ: ಬಾಗಿಲು ಎಷ್ಟು ಅಗಲ, ಮೆಟ್ಟಿಲು ಎಲ್ಲಿ ತಿರುಗುತ್ತದೆ. ನನ್ನ ತಂಗಿ ಹೊಸ ಮನೆ ಕಟ್ಟಿಸಿ ಹೆಮ್ಮೆಯಿಂದ ಕರೆದಿದ್ದಳು. ಎಲ್ಲರೂ ಅಡುಗೆಮನೆ ಹೊಗಳುತ್ತಿದ್ದರೆ ಈ ಮಹಾರಾಯರು ಮೆಟ್ಟಿಲ ಮೇಲೆ ನಿಂತು ಗೋಡೆಗೆ ಗೇಣು ಹಾಕುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಇವರಿಗೆ ಇನ್ನೊಂದು ಕೆಟ್ಟ ಹೆಮ್ಮೆ ಇದೆ. ಸಾಮಾನಿನ ಮುಂದೆ ನಿಂತು 'ಆಗಲ್ಲ' ಅಂದವರಲ್ಲ. ಆ ಹೆಮ್ಮೆಯೇ ನಮ್ಮ ಮನೆಗೆ ಮುಳುವಾಯಿತು. ಇದನ್ನು ಅವರ ಮುಂದೆಯೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಐದು ವರ್ಷದ ಹಿಂದೆ ನಮ್ಮ ಬೀದಿಯನ್ನು ಒಡೆದು ಎತ್ತರದ ಕಟ್ಟಡಗಳನ್ನು ಕಟ್ಟುವುದು ಅಂತಾಯಿತು. ಪಕ್ಕದ ಖಾಲಿ ಜಾಗದಲ್ಲಿ ಒಂದು ಕಟ್ಟಡ ಆಗಲೇ ಎದ್ದು ನಿಂತಿತ್ತು. ಎರಡನೆಯದರಲ್ಲಿ ನಮಗೆ ನಾಲ್ಕನೇ ಮಹಡಿಯ ಮನೆ ಗೊತ್ತುಮಾಡಿದ್ದರು. ಕೆಳಗಿನ ಮಹಡಿ ಕೊಡಿ ಅಂದರೆ, ಅದು ಅಂಗಡಿಗಳಿಗೆ ಮತ್ತು ಕಾರುಗಳಿಗೆ ಅಂದರು ಕಟ್ಟಿಸುವವರು. ಕಾರಿಗೆ ಕಾಲಿಲ್ಲ ನೋಡಿ, ಪಾಪ, ಮೆಟ್ಟಿಲು ಹತ್ತಲಾರದು.

ನಮ್ಮ ಅತ್ತೆಯೂ ಹತ್ತಲಾರರು. ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ಅವರಿಗೆ ಕೂರಲೂ ಆಗದು, ಎಲ್ಲವೂ ಮಲಗಿದಲ್ಲೇ. ಬೆನ್ನು ಹೋಯಿತೇ ಹೊರತು ಬಾಯಿ ಹೋಗಲಿಲ್ಲ. ಹಳೆಯ ಮನೆ ಬೀದಿಯ ಮಟ್ಟಕ್ಕೇ ಇತ್ತು. ಬೆಳಿಗ್ಗೆ ಅಣ್ಣತಮ್ಮಂದಿರು ಮಂಚವನ್ನೇ ಎತ್ತಿ ಬಾಗಿಲ ಹೊರಗೆ ಹಾಕಿದರೆ ಆಮೇಲೆ ಇಡೀ ಬೀದಿ ಅವರದು. ಹಾಲಿನವನು ಎಷ್ಟು ನೀರು ಬೆರೆಸಿದ, ಯಾರ ಮಗ ಶಾಲೆ ತಪ್ಪಿಸಿದ, ಯಾವ ಗಂಡಹೆಂಡಿರು ಮಾತು ಬಿಟ್ಟಿದ್ದಾರೆ, ಎಲ್ಲಕ್ಕೂ ಅವರ ಹತ್ತಿರ ಲೆಕ್ಕವಿತ್ತು. ನನ್ನ ಅಡುಗೆಯ ತಪ್ಪುಗಳನ್ನೂ ಬೀದಿಗೆ ಕೇಳುವಂತೆ ಹೇಳುತ್ತಿದ್ದರು, ಅದು ಬೇರೆ ಮಾತು.

ಮೊದಲನೇ ಕಟ್ಟಡಕ್ಕೆ ಸಾಮಾನು ಹೊತ್ತು ಹೋದ ದಿನವೇ ಇವರು ಮುಖ ಸಪ್ಪಗೆ ಮಾಡಿಕೊಂಡು ಬಂದರು. ಲಿಫ್ಟಿನಲ್ಲಿ ನಾಲ್ಕು ಜನ ನಿಂತರೆ ಐದನೆಯವರು ಉಸಿರು ಬಿಡುವಂತಿಲ್ಲ. ಮೆಟ್ಟಿಲು ಅರ್ಧ ಹತ್ತಿ ಹಿಂದಕ್ಕೆ ತಿರುಗುವ ಜಾಗವಂತೂ ಇನ್ನೂ ಇಕ್ಕಟ್ಟು. ಆರಡಿ ಉದ್ದದ್ದು ಏನೇ ಇರಲಿ, ಅದನ್ನು ನೆಟ್ಟಗೆ ನಿಲ್ಲಿಸದೆ ತಿರುಗಿಸಲಾಗದು. "ಅಮ್ಮನ್ನ ಮಲಗಿಸಿಕೊಂಡು ಹೋಗೋಕಾಗಲ್ಲ ಕಣೇ," ಅಂದರು. ಎರಡನೆಯದಕ್ಕೂ ಅದೇ ನಕ್ಷೆ. ತಿರುವಿನಲ್ಲಿ ಇನ್ನೂ ಒಂದೂವರೆ ಅಡಿ ಕೊಟ್ಟರೆ ಸಾಕು, ತಾಯಿಯನ್ನು ಮಲಗಿದ ಹಾಗೇ ಹತ್ತಿಸಿ ಇಳಿಸುತ್ತೇನೆ ಅಂತ ಇವರ ಲೆಕ್ಕ.

ಅಷ್ಟರಲ್ಲಿ ನಕ್ಷೆಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಗೆ ನೋಟೀಸು ಅಂಟಿಸಿದರು. ಇವರು ಮಾತುಗಾರರಲ್ಲ. ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಒಂದು ಉಪಾಯ ಹೂಡಿದರು. ಸಭೆಯ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಆ ತಿರುವನ್ನು ಅಳತೆಗೆ ಸರಿಯಾಗಿ ಬರೆಯುವುದು, ಸುತ್ತ ಬೆಂಚು ಪೇರಿಸಿ ಗೋಡೆ ಮಾಡುವುದು, ನಮ್ಮ ಮರದ ಬೀರುವನ್ನು ಹೊತ್ತು ತಂದು ಅಲ್ಲಿ ಸಿಕ್ಕಿಹಾಕಿಸುವುದು. ಬೀರುವೇ ಹೋಗದಿದ್ದರೆ ಮಲಗಿದ ಮನುಷ್ಯರು ಹೇಗೆ ಹೋದಾರು ಅಂತ ಕೊನೆಗೆ ಒಂದು ಮಾತು.

ನಾನು ಬಡಿದುಕೊಂಡೆ: ಬೀರುವಿನ ಕತೆ ಬೇಡ, ಅಮ್ಮನ ವಿಷಯ ಮೊದಲು ಹೇಳಿ. ಆದರೆ ಅತ್ತೆ ಒಪ್ಪಲಿಲ್ಲ. ತಾನು ಮಲಗಿದಲ್ಲೇ ಇರುವುದನ್ನು ಸಭೆಯಲ್ಲಿ ಹರಾಜು ಹಾಕಬಾರದು ಅಂತ ಮಗನಿಂದ ಮಾತು ತೆಗೆದುಕೊಂಡುಬಿಟ್ಟರು. ಕೊನೆಯ ಆ ಒಂದು ಮಾತಿನಲ್ಲೂ 'ನಮ್ಮಮ್ಮ' ಅನ್ನುವ ಹಾಗಿಲ್ಲ. ತಾಯಿ ಮಗ ಇಬ್ಬರದೂ ಒಂದೇ ಹಟ, ನಡುವೆ ನಾನು ಗೋಡೆಯ ಜೊತೆ ಮಾತಾಡುವವಳು.

ಸಭೆಯಲ್ಲಿ ಮೊದಲ ಒಂದು ಗಂಟೆ ಕಟ್ಟಡದ ಬಣ್ಣಕ್ಕೇ ಹೋಯಿತು. ಬೂದು ಬಣ್ಣವೋ ತಿಳಿ ಹಳದಿಯೋ ಅಂತ ಎತ್ತು ಏರಿಗೆ, ಕೋಣ ನೀರಿಗೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಎದ್ದು ಈ ಕಟ್ಟಡಕ್ಕೆ ಮುಖವೇ ಇಲ್ಲ, ಎಲ್ಲ ಕಡೆಯಿಂದಲೂ ಬೆನ್ನು ತೋರಿಸುತ್ತದೆ ಅಂದರು. ನನಗೆ ಆ ಮಾತು ಹಿಡಿಸಿತು. ಆರ್ಕಿಟೆಕ್ಟ್ ಕೆಟ್ಟವನೇನಲ್ಲ, ಮೆಲು ಮಾತಿನವನು. ಮೇಷ್ಟ್ರ ಮಾತನ್ನು ಗೌರವಿಸುತ್ತೇನೆ ಅಂತ ಶುರುಮಾಡಿ ಬೆಳಕು ಹೇಗೆ ಗೋಡೆಯ ಮೇಲೆ ಆಡುತ್ತದೆ ಅಂತ ಪರದೆಯ ಮೇಲೆ ಹದಿನೆಂಟು ಚಿತ್ರ ತೋರಿಸಿದ. ಹದಿನೆಂಟರಲ್ಲಿ ಒಂದರಲ್ಲೂ ಮೆಟ್ಟಿಲಿರಲಿಲ್ಲ. ಅವುಗಳಲ್ಲಿದ್ದ ಜನರೆಲ್ಲ ಚಿಕ್ಕ ವಯಸ್ಸಿನವರು, ಕೈಯಲ್ಲಿ ಹೊರೆಯಿಲ್ಲದವರು.

ಕೊನೆಗೆ ನಮ್ಮ ಸರದಿ. ಅಧ್ಯಕ್ಷರು ಐದು ನಿಮಿಷ ಅಂದರು. ಇವರು ಗೆರೆ ಎಳೆದರು, ಬೆಂಚು ಪೇರಿಸಿದರು. ಅಳತೆ ಸರಿಯಿದೆಯಾ ನೋಡಿ ಅಂತ ಆರ್ಕಿಟೆಕ್ಟ್ ಕೈಗೇ ಟೇಪು ಕೊಟ್ಟರು. ಅವನು ಅಳೆದು ಸರಿ ಅಂತ ತಲೆಯಾಡಿಸಿದ. ಮೈದುನ ಮತ್ತು ಇನ್ನಿಬ್ಬರು ಬೀರುವನ್ನು ಮಲಗಿಸಿ ಹೊತ್ತು ತಂದರು. ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ಹಿಂದೆ ಎಳೆದರು, ಮುಂದೆ ತಳ್ಳಿದರು, ಬೆಂಚು ಕಿರುಗುಟ್ಟಿತು. ಸಭೆ ಕುತ್ತಿಗೆ ಉದ್ದ ಮಾಡಿ ನೋಡುತ್ತಿತ್ತು. ಡ್ರಾಯಿಂಗ್ ಮೇಷ್ಟ್ರು ಎದ್ದೇ ನಿಂತಿದ್ದರು. ನನಗೆ ಒಳಗೊಳಗೇ ಖುಷಿ, ಗೆದ್ದೆವು ಅಂದುಕೊಂಡೆ. ಇನ್ನು ಆ ಒಂದು ಮಾತು ಹೇಳಿದ್ದರೆ ಮುಗಿದಿತ್ತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾವನೋ ಒಬ್ಬ ನಗುತ್ತಾ ಅಂದ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಜನ ಘೊಳ್ಳೆಂದು ನಕ್ಕರು. ಇವರ ಕಿವಿ ಕೆಂಪಾದದ್ದು ನನಗೆ ಕೂತಲ್ಲಿಂದಲೇ ಕಾಣಿಸಿತು. ಬೇಡ, ಬೇಡ ಅಂತ ನಾನು ಕೈಸನ್ನೆ ಮಾಡಿದೆ. ಇವರು ನೋಡಲಿಲ್ಲ. ತಮ್ಮನನ್ನು ಪಕ್ಕಕ್ಕೆ ಸರಿಸಿ ತಾವೇ ಭುಜ ಕೊಟ್ಟರು. "ಕೆಳಗಿನ ತುದಿ ನೆಲಕ್ಕಿಡು. ನಿಲ್ಲಿಸು. ನನ್ನ ಕಡೆ ವಾಲಿಸು. ಈಗ ತಿರುಗಿಸು," ಅಂದರು. ಬೀರು ನೆಟ್ಟಗೆ ಎದ್ದು, ಒಂದು ಮೂಲೆಯ ಮೇಲೆ ಅರೆ ಸುತ್ತು ತಿರುಗಿ, ಬೆಂಚಿಗೆ ಉಗುರಿನಷ್ಟೂ ತಾಗದೆ ಆ ಕಡೆ ಮಲಗಿತು. ಅಯ್ಯೋ, ಎಂಥ ಚೆಂದದ ಕೆಲಸ ಅದು! ಹೆಂಡತಿಯಾಗಿ ನಾನೇ ಬೆರಗಾದೆ.

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನವನೂ ತಟ್ಟಿದ. ಇವರ ಮುಖದಲ್ಲಿ ಒಂದು ಗಳಿಗೆ ನಗು ಬಂದೇ ಬಂತು, ಆಮೇಲೆ ಹಾಗೇ ಬಿಳಿಚಿಕೊಂಡಿತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡದ್ದು ಆಗ ತಿಳಿಯಿತು. ಆರ್ಕಿಟೆಕ್ಟ್ ಹತ್ತಿರ ಬಂದು ಕೈ ಕುಲುಕಿದ. ಈ ವಿನ್ಯಾಸದಲ್ಲಿ ದೊಡ್ಡ ಸಾಮಾನು ಸರಾಗವಾಗಿ ಹೋಗುತ್ತದೆಂದು ತಾನು ಗಂಟೆಗಟ್ಟಲೆ ಹೇಳಿದರೂ ಜನ ನಂಬುತ್ತಿರಲಿಲ್ಲ, ನೀವು ಮಾಡಿ ತೋರಿಸಿದಿರಿ ಅಂದ. ವ್ಯಂಗ್ಯವಲ್ಲ, ಮನಸಾರೆ ಹೇಳಿದ. ಅದೇ ನನಗೆ ಇನ್ನೂ ಉರಿಯುತ್ತದೆ. ಇವರು ಬೀರುವಿಗೆ ಹಗ್ಗ ಬಿಗಿಯತೊಡಗಿದರು. ಹೇಳಬೇಕಾಗಿದ್ದ ಮಾತು ಹೊರಗೆ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅತ್ತೆಗೆ ಕೊಟ್ಟ ಮಾತು ಇವರದು, ನನ್ನದಲ್ಲ. ಎದ್ದು ನಿಂತು ಹೇಳಿದೆ, "ಬೀರುನ ನಿಲ್ಲಿಸಬಹುದು ಸಾರ್. ನಮ್ಮತ್ತೆ ಮಲಗಿದಲ್ಲೇ ಇದ್ದಾರೆ, ಅವರನ್ನ ಹೇಗೆ ನಿಲ್ಲಿಸೋದು?"

ಅಧ್ಯಕ್ಷರು ತಮ್ಮ ಪಟ್ಟಿ ನೋಡಿದರು. ಅದರಲ್ಲಿ ನನ್ನ ಹೆಸರು ಇರಲಿಲ್ಲ. ಐದು ನಿಮಿಷವೂ ಮುಗಿದಿತ್ತು. ಬರವಣಿಗೆಯಲ್ಲಿ ಕೊಡಿ, ಪರಿಶೀಲಿಸುತ್ತೇವೆ ಅಂದರು. ಕೊಟ್ಟೆವು. ಮೂರು ಸಲ ಕೊಟ್ಟೆವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಎರಡು ತಿಂಗಳಿಗೆ ಉತ್ತರ ಬಂತು: ಮೆಟ್ಟಿಲಿನ ತಿರುವು ಸಾಕಷ್ಟಿದೆಯೆಂದು ಸಾರ್ವಜನಿಕ ಸಭೆಯಲ್ಲೇ ಪ್ರಾತ್ಯಕ್ಷಿಕೆಯ ಮೂಲಕ ಖಚಿತವಾಗಿದೆ. ನಕ್ಷೆ ಪಾಸಾಯಿತು. ಬಣ್ಣ ಮಾತ್ರ ಬದಲಾಯಿತು, ತಿಳಿ ಹಳದಿ.

ಹೊಸ ಮನೆಗೆ ಹೋದ ದಿನ ಅತ್ತೆಯನ್ನು ಹಲಗೆಯ ಮೇಲೆ ಮಲಗಿಸಿ, ಬೀರುವಿಗೆ ಸುತ್ತುವ ಕಂಬಳಿಯಲ್ಲೇ ಸುತ್ತಿ, ಅದೇ ಹಗ್ಗದಲ್ಲಿ ಕಟ್ಟಿದರು. ಬೇರೆ ದಾರಿಯಿರಲಿಲ್ಲ. ನಾಲ್ಕು ಮಹಡಿಗೆ ಎಂಟು ತಿರುವು. ಒಂದೊಂದರಲ್ಲೂ ಹಲಗೆಯನ್ನು ನಿಲ್ಲಿಸಬೇಕು. ಇವರು ಒಂದು ಸಲವೂ ಅವಸರ ಮಾಡಲಿಲ್ಲ, ಒಂದು ಸಲವೂ ಗೋಡೆಗೆ ತಾಗಿಸಲಿಲ್ಲ. ಮೊದಲ ಮೂರು ತಿರುವಿನಲ್ಲಿ ಅತ್ತೆ ಕೂಗಿಕೊಂಡರು. ಆಮೇಲೆ ಕೂಗಲೂ ತ್ರಾಣವಿರಲಿಲ್ಲ. ಮೇಲೆ ಮಂಚಕ್ಕೆ ಮಲಗಿಸಿ ಹಗ್ಗ ಬಿಚ್ಚುವಾಗ ಮಗನ ಕೈ ಹಿಡಿದುಕೊಂಡು, "ಚೆನ್ನಾಗಿ ಹೊತ್ತೆಯಪ್ಪಾ. ಇನ್ನು ನನ್ನ ಇಳಿಸಬೇಡ," ಅಂದರು. ಇವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಇದ್ದರು. ನಾನು ಕರೆಯಲಿಲ್ಲ.

ಅದಾಗಿ ಎರಡು ವರ್ಷ. ಅತ್ತೆ ಬೀದಿ ಕಂಡಿಲ್ಲ. ಕಿಟಕಿ ದೊಡ್ಡದಾಗಿಯೇ ಇದೆ, ಮಲಗಿದವರಿಗೆ ಅದರಲ್ಲಿ ಆಕಾಶ ಬಿಟ್ಟರೆ ಏನೂ ಕಾಣಿಸದು. ಬಾಯಿಯೂ ಕಡಿಮೆಯಾಗಿದೆ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಬೈಯಲಿ ಅಂತ ಒಂದು ದಿನ ಬೇಕಂತಲೇ ಹೆಚ್ಚು ಹಾಕಿದೆ. ಸುಮ್ಮನೆ ಉಂಡರು.

ಇವರಿಗೆ ಮಾತ್ರ ಕೈತುಂಬ ಕೆಲಸ. ಆ ತಿರುವಿನಲ್ಲಿ ಬೇರೆ ತಂಡದವರು ಗೋಡೆ ಕೆರೆಯುತ್ತಾರೆ, ಗಾಜು ಒಡೆಯುತ್ತಾರೆ. ಅದಕ್ಕೆ ಎರಡೂ ಕಟ್ಟಡದವರು ಮೇಸ್ತ್ರಿಯೇ ಬೇಕು ಅನ್ನುತ್ತಾರೆ. ಯಾವ ತಿರುವಿಗೆ ಶಾಪ ಹಾಕುತ್ತೇವೋ ಅದೇ ಅನ್ನ ಹಾಕುತ್ತಿದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳೋಣ, ನೀವೇ ಹೇಳಿ.

ಮೊನ್ನೆ ಮೇಲಿನ ಮಹಡಿಯವರು ಮನೆ ಖಾಲಿ ಮಾಡಿದರು. ನಾನು ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಹೊರಗೆ ಮೆಟ್ಟಿಲಲ್ಲಿ ಇವರ ದನಿ ಕೇಳಿಸಿತು: ನಿಲ್ಲಿಸು, ವಾಲಿಸು, ತಿರುಗಿಸು. ಅತ್ತೆ ಗುಟುಕು ನುಂಗದೆ ಕಿವಿಗೊಟ್ಟರು. "ಯಾರೇ ಇಳೀತಿರೋದು?" ಅಂತ ಕೇಳಿದರು.

ಯಾರೂ ಅಲ್ಲ, ಮೇಲಿನವರ ಬೀರು ಅಂದೆ.

ದನಿ ಒಂದೊಂದೇ ಮಹಡಿ ಇಳಿದು ಕೇಳಿಸದಾಗುವವರೆಗೂ ಅವರು ಬಾಗಿಲ ಕಡೆಯೇ ನೋಡುತ್ತಿದ್ದರು. ಆಮೇಲೆ ಮುಖ ಗೋಡೆಗೆ ತಿರುಗಿಸಿಕೊಂಡು ಅಂದರು, "ಅದಾದ್ರೂ ಇಳೀಲಿ ಬಿಡು."