ಮಹಬೂಬ್ ಹಾಕಿದ ಕೆಂಪು ಎಣ್ಣೆ

ನೆದರ್‌ಲ್ಯಾಂಡ್ಸಿನ ನ್ಯೂವೆಗೈನ್ ಊರಿನ ಕನ್ನಡ ಕುಟುಂಬಗಳಲ್ಲಿ ಯಾರ ಕಾರು ಕೆಮ್ಮಿದರೂ ಮೊದಲ ಫೋನು ಮಹಬೂಬರಿಗೆ. ಹೊಟ್ಟೆಪಾಡಿಗೆ ಅವರು ಸಾಫ್ಟ್‌ವೇರ್ ಪರೀಕ್ಷಕರು. ಕಾರಿನ ವಿದ್ಯೆ ತುಮಕೂರಿನ ಸೋದರಮಾವನ ಗ್ಯಾರೇಜಿನಲ್ಲಿ, ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ ಗಳಿಸಿದ್ದು. ಕಾಯಿಲೆ ಯಾವುದೇ ಇರಲಿ, "ಮೊದಲು ಬಾನೆಟ್ ತೆಗೀರಿ" ಎನ್ನುವರು. ಒಮ್ಮೆ ಟೈರ್ ಪಂಕ್ಚರಾಗಿದ್ದ ಪಕ್ಕದ ಬೀದಿಯ ಚಿನ್ಮಯನೂ, ಹಿರಿಯರ ಮಾತು ಮೀರಬಾರದೆಂದು, ಬಾನೆಟ್ ತೆರೆದಿಟ್ಟುಕೊಂಡು ಕಾಲು ಗಂಟೆ ನಿಂತಿದ್ದ.

ಅಕ್ಟೋಬರಿನಲ್ಲಿ ಅವರ ಮನೆಯದೇ ಹದಿನೇಳು ವರ್ಷದ ಕಾರಿಗೆ ಪವರ್ ಸ್ಟೀರಿಂಗ್ ಎಣ್ಣೆ ಬದಲಾಯಿಸಬೇಕಾಯಿತು. ಮಹಬೂಬ್ ಅದನ್ನು ಸ್ವಹಸ್ತದಿಂದ ನೆರವೇರಿಸಿದರು. ಯಾವ ಎಣ್ಣೆ ಹಾಕಬೇಕೆಂದು ಕಾರಿನೊಳಗಿನ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿತ್ತು. ಆದರೆ ಮುಚ್ಚಳ ಓದುವುದು ಹೊಸಬರ ಲಕ್ಷಣ. ಮಾವನ ಗ್ಯಾರೇಜಿನಲ್ಲಿ ಸ್ಟೀರಿಂಗ್ ಎಣ್ಣೆ ಎಂದರೆ ಕೆಂಪು, ಅಷ್ಟೇ. ಅವರು ಕೆಂಪು ಎಣ್ಣೆ ತುಂಬಿದರು. ಕಾರು ಚೆನ್ನಾಗಿಯೇ ಓಡಿತು.

ಜನವರಿಯಲ್ಲಿ ಹೆಂಡತಿ ಜರೀನಾಗೆ ನೈಮೆಗನ್ನಿನ ಚಿಪ್ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಹನ್ನೊಂದು ವರ್ಷ ಮನೆಯಲ್ಲಿದ್ದ ಮೇಲೆ ಸಿಕ್ಕ ಕೆಲಸ. ಅದಕ್ಕೆಂದೇ ಆಕೆ ಮೂರನೇ ಸಲಕ್ಕೆ ಡ್ರೈವಿಂಗ್ ಪರೀಕ್ಷೆ ಪಾಸಾಗಿದ್ದಳು. ಶಿಫ್ಟು ಬೆಳಗ್ಗೆ ಏಳಕ್ಕೆ. ಅಷ್ಟು ಹೊತ್ತಿಗೆ ಮುಟ್ಟಿಸುವ ಟ್ರೇನಿಲ್ಲ, ಕಾರೇ ಗತಿ.

ಆಕೆ ಕೆಲಸಕ್ಕೆ ಸೇರಿದ ವಾರವೇ ಚಳಿ ಮೈನಸ್ ಎಂಟಕ್ಕೆ ಇಳಿಯಿತು.

"ಸ್ಟೀರಿಂಗ್ ತಿರುಗೋದೇ ಇಲ್ಲ ಜೀ," ಎಂದಳು ಜರೀನಾ ಮೊದಲ ದಿನವೇ. "ಎರಡೂ ಕೈಲಿ ಎಳೀಬೇಕು. ಅದರ ಮೇಲೆ ಗುಂಯ್ ಅನ್ನತ್ತೆ."

ಅಂದು ಸಂಜೆ ಆಕೆ ಬಂದಿಳಿದ ಕೂಡಲೇ ಮಹಬೂಬ್ ಕಾರನ್ನು ಒಂದು ಸುತ್ತು ಹಾಕಿಸಿದರು. ಎಪ್ಪತ್ತು ಕಿಲೋಮೀಟರ್ ಓಡಿ ಬೆಚ್ಚಗಾಗಿದ್ದ ಕಾರು ಕಿರುಬೆರಳಿಗೆ ತಿರುಗಿತು.

"ಬೆಣ್ಣೆ ಇದ್ದಂಗಿದೆ! ಕಾರಲ್ಲಿ ಏನೂ ಇಲ್ಲ ಕಣೇ. ನಿನ್ನ ರಟ್ಟೇಲಿ ಶಕ್ತಿ ಇಲ್ಲ. ಖರ್ಜೂರ ತಿನ್ನು."

ಜರೀನಾ ಖರ್ಜೂರ ತಿಂದಳು. ಗುರುವಾರ ಬೆಳಗ್ಗೆ ಮನೆಯ ಮುಂದಿನ ತಿರುವಿನಲ್ಲೇ ಕಾರು ತಿರುಗಲೊಲ್ಲದೆ ಸೈಕಲ್ ದಾರಿಗೆ ನುಗ್ಗಿತು. ಸೈಕಲ್ಲಿನ ಹುಡುಗಿ ಹುಲ್ಲಿನ ಮೇಲೆ ಹಾರಿ ಬಚಾವಾದಳು. ಶುಕ್ರವಾರ ಊಟದ ಹೊತ್ತಿಗೆ ಜರೀನಾ ಮೆಲ್ಲಗೆ, "ಸೋಮವಾರ ಮ್ಯಾನೇಜರಿಗೆ ಬರಲ್ಲ ಅಂತ ಬರೆದುಬಿಡ್ತೀನಿ. ಯಾರನ್ನಾದ್ರೂ ಕೊಂದುಹಾಕಿದ್ರೆ ಏನು ಗತಿ? ನನ್ನ ಕೈಯೇ ಸರಿಯಿಲ್ಲ," ಎಂದಳು.

ಮಹಬೂಬ್ ಸಮಾಧಾನ ಹೇಳಿದರು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ, ಅದೇನು ತಪ್ಪಲ್ಲ ಎಂಬಂಥ ಸಮಾಧಾನ. ಆಕೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಬೆಳಗ್ಗೆ ಹಾಲು ತರಲು ಮಹಬೂಬ್ ತಾವೇ ಕಾರು ತೆಗೆದರು. ಇಡೀ ರಾತ್ರಿ ಹಿಮದಲ್ಲಿ ನಿಂತಿದ್ದ ಕಾರು. ಕೀಲಿ ತಿರುಗಿಸಿದೊಡನೆ ಒಳಗಿಂದ, ಎಮ್ಮೆಗೆ ಹೊಟ್ಟೆ ನುಲಿದಂಥ ಸದ್ದು ಬಂತು. ಕಿರುಬೆರಳು ಇಟ್ಟರು. ಆಮೇಲೆ ಕೈ ಇಟ್ಟರು. ಆಮೇಲೆ ಎರಡೂ ಕೈ, ಭುಜ, ಕೊನೆಗೆ ಸೀಟಿನಿಂದ ಎದ್ದು ದೇಹದ ಎಂಬತ್ತಾರು ಕೆಜಿಯನ್ನೂ ಇಟ್ಟರು. ಸ್ಟೀರಿಂಗು ಕಾಲು ಸುತ್ತು ಬಂತು. ಅವರು ತಾವಾಗಿಯೇ ಕೆಳಗಿಳಿದು ಬಾನೆಟ್ ತೆಗೆದರು. ಏನೂ ಹೊಳೆಯಲಿಲ್ಲ.

ಹೇಗೋ ಎಳೆದಾಡಿಕೊಂಡು ಹತ್ತಿರದ ಗ್ಯಾರೇಜಿಗೆ ಕಾರು ಮುಟ್ಟಿಸಿದರು. ಅಲ್ಲಿನ ಹೆಂಕ್ ಮುಚ್ಚಳ ಬಿಚ್ಚಿ, ಅದರ ಮೇಲಿನ ಅಕ್ಷರ ಓದಿ, ಎಣ್ಣೆಯಲ್ಲಿ ಅದ್ದಿದ ಬೆರಳನ್ನು ಅವರ ಮುಖದ ಮುಂದೆ ಹಿಡಿದ.

"ಇದಕ್ಕೆ ಹಸಿರು ಎಣ್ಣೆ ಹಾಕಬೇಕು. ಅದು ಚಳಿಗೂ ತೆಳ್ಳಗೇ ಇರುತ್ತೆ. ಈ ಕೆಂಪು ಗಟ್ಟಿಯಾಗಿ, ಪಂಪಿಗೆ ತಳ್ಳೋಕೇ ಆಗ್ತಿಲ್ಲ. ಬಿಸಿಯಾದ ಮೇಲೆ ಸರಿಹೋಗುತ್ತೆ, ಅದಕ್ಕೇ ಮೋಸ ಹೋಗೋದು. ಯಾರು ಹಾಕಿದ್ದು?"

"ಯಾರೋ... ಹಳೇ ಮೆಕ್ಯಾನಿಕ್ಕು," ಎಂದರು ಮಹಬೂಬ್.

"ಅವನ ಕೈಗೆ ಇನ್ನು ಕಾರು ಕೊಡಬೇಡಿ."

"ಇಲ್ಲ, ಕೊಡಲ್ಲ."

ಹೆಂಕ್ ಎಲ್ಲವನ್ನೂ ಖಾಲಿ ಮಾಡಿ ತೊಳೆದು ಹಸಿರು ತುಂಬಿಕೊಟ್ಟ. ದಾರಿಯುದ್ದಕ್ಕೂ ಮಹಬೂಬ್ ಯೋಚಿಸಿದರು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗದು. ಆದರೆ ಕಾರು ಸರಿಹೋಯಿತು ಎಂದರೆ, ಕೆಟ್ಟಿದ್ದು ಯಾವಾಗ ಎಂದು ಆಕೆ ಕೇಳುತ್ತಾಳೆ. ಕೆಟ್ಟೇ ಇರಲಿಲ್ಲ ಎಂದು ವಾರವಿಡೀ ಹೇಳಿದವರು ತಾವೇ. ಏನೂ ಹೇಳದಿದ್ದರೆ ಸೋಮವಾರ ಆ ಕಾಗದ ಹೋಗಿಬಿಡುತ್ತದೆ.

ಜರೀನಾ ಬಟ್ಟೆ ಮಡಿಸುತ್ತಿದ್ದಳು. ಅವರು ಕೋಟೂ ಬಿಚ್ಚದೆ ನಿಂತರು.

"ನಿನ್ನ ಕೈ ಸರಿಯಾಗೇ ಇದೆ. ಎಣ್ಣೆ ತಪ್ಪು. ಹಾಕಿದ್ದು ನಾನು."

"ಮುಚ್ಚಳದ ಮೇಲೆ ಬರೆದಿರಲಿಲ್ವಾ?"

"ಬರೆದಿತ್ತು."

ಜರೀನಾ ಒಂದು ಟವೆಲ್ಲನ್ನು ಬಹಳ ನಿಧಾನವಾಗಿ ಮಡಿಸಿದಳು. "ಐದು ದಿನ ನನಗೆ ಖರ್ಜೂರ ತಿನ್ನಿಸಿದ್ರಲ್ಲಾ, ಅಲ್ಲಾಹ್!" ಎಂದು ನಕ್ಕಳು. ನಕ್ಕು ಮುಗಿಸಿ, ಉಳಿದ ಬಟ್ಟೆಯ ರಾಶಿಯನ್ನು ಅವರ ಮುಂದೆ ಸರಿಸಿ ಎದ್ದುಹೋದಳು.

ಸೋಮವಾರ ಐದೂಮುಕ್ಕಾಲಿಗೆ ಮೈನಸ್ ಒಂಬತ್ತು. ಜರೀನಾ ಗಾಜಿನ ಹಿಮ ಕೆರೆದು ಒಳಗೆ ಕೂತಳು. ಹಿಂದೆ ನಿಂತಿದ್ದ ಮಹಬೂಬ್ ಕೈ ಎತ್ತಿ, "ಬರ್ಲಿ, ಬರ್ಲಿ, ಇನ್ನೂ ಬರ್ಲಿ... ಸ್ವಲ್ಪ ಲೆಫ್ಟ್..." ಎನ್ನತೊಡಗಿದರು. ಕಾರು ಅಷ್ಟರಲ್ಲೇ ಒಂದೇ ಹೊರಳಿಗೆ ತಿರುಗಿ ರಸ್ತೆ ಸೇರಿತ್ತು. ಅವರು ಕೊನೆಗೊಮ್ಮೆ "ರೈಟ್!" ಎಂದು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ಕೈಗಳನ್ನು ಜೇಬಿಗೆ ಇಳಿಸಿದರು.