ಚಾಚಾನನ್ನು ನಾನು ಕೆಲಸದಿಂದ ತೆಗೆದದ್ದು

ಇದು ಎರಡು ವರ್ಷದ ಹಿಂದಿನ ಮಾತು. ಕಬ್ಬು ಕಡಿಯುವ ಹಂಗಾಮು ಶುರುವಾಗಿ ಇನ್ನೂ ಹದಿನೈದು ದಿನವಷ್ಟೇ ಆಗಿತ್ತು. ನಾನು ಹುಕ್ಕೇರಿಯವನು. ಮೊದಲು ಮದುವೆಗಳ ವಿಡಿಯೋ ತೆಗೆಯುತ್ತಿದ್ದೆ. ಎಲ್ಲರ ಕೈಗೂ ಒಳ್ಳೆಯ ಫೋನು ಬಂದು ಆ ಧಂದೆ ಸೊರಗಿದ ಮೇಲೆ ಅಂಗಡಿಗಳ ಸೋಶಿಯಲ್ ಮೀಡಿಯಾ ಪೇಜು ನೋಡಿಕೊಳ್ಳುವ ಕೆಲಸಕ್ಕೆ ಇಳಿದೆ. ಬೆಳಗಾವಿಯಲ್ಲಿ ಮೂರು ದಿನದ ತರಬೇತಿಗೂ ಹೋಗಿ ಬಂದೆ. ಬಂದವನೇ ವಿಸಿಟಿಂಗ್ ಕಾರ್ಡಿನಲ್ಲಿ ‘ಬ್ರ್ಯಾಂಡ್ ಸಲಹೆಗಾರ’ ಎಂದು ಹಾಕಿಸಿದೆ. ಅದನ್ನು ಓದಿದ ನನ್ನ ಹೆಂಡತಿ, ಮನೆಗೆ ಯಾವ ಚಹಾಪುಡಿ ತರಬೇಕು ಅನ್ನುವುದನ್ನೂ ನಾನೇ ಹೇಳಬೇಕು, ನೀವು ಊರಿಗೆ ಸಲಹೆ ಕೊಡುತ್ತೀರಾ ಎಂದು ನಕ್ಕಳು. ಗೋಕಾಕದ ಒಂದು ಕರದಂಟಿನ ಅಂಗಡಿ, ಒಬ್ಬ ಹಲ್ಲಿನ ಡಾಕ್ಟರು, ಎರಡು ಬಟ್ಟೆ ಅಂಗಡಿ, ಮಸಗುಪ್ಪಿಯ ಒಂದು ಬೆಲ್ಲದ ಗಾಣ, ಇಷ್ಟು ನನ್ನ ಗಿರಾಕಿಗಳಾಗಿದ್ದರು.

ಗಾಣ ನಡೆಸುವವರು ಮಹಾದೇವಿ ಅಕ್ಕ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಗಂಡ ಹೊಲ ನೋಡಿದರೆ ಇವರು ಗಾಣ ನೋಡುತ್ತಾರೆ. ಬಣ್ಣ ಬರಲೆಂದು ರಾಸಾಯನಿಕ ಪೌಡರು ಹಾಕದೆ ಬೆಲ್ಲ ಮಾಡುವ ಗಾಣಗಳು ಸುತ್ತಮುತ್ತ ಕಡಿಮೆಯಾಗಿದ್ದವು. ಇವರು ಮಾತ್ರ ಹಟ ಹಿಡಿದು ಹಳೆಯ ರೀತಿಯಲ್ಲೇ ಮಾಡಿಸುತ್ತಿದ್ದರು. ಆ ಹಳೆಯ ರೀತಿ ಗೊತ್ತಿದ್ದವರು ಮೇಲವಂಕಿಯ ದಸ್ತಗೀರ ಚಾಚಾ. ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವುದು ಅವರ ಕೆಲಸ. ಕುದಿಯುವ ಸಪ್ಪಳ ಕೇಳಿಯೇ ಇನ್ನೆಷ್ಟು ಹೊತ್ತು ಅನ್ನುವುದನ್ನು ಹೇಳುತ್ತಿದ್ದರು. ಹದಿನೈದನೇ ವಯಸ್ಸಿಗೆ ಒಲೆಯ ಮುಂದೆ ಬಂದವರು, ಅರವತ್ತೈದಾದರೂ ಅಲ್ಲೇ ಇದ್ದರು.

ಬೆಲ್ಲ ಮಾಡುವುದನ್ನು ನೋಡದವರಿಗೆ ಒಂದು ವಿಷಯ ಹೇಳಬೇಕು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಬಿಸಿಯಾಗುವಾಗ ಅದಕ್ಕೆ ಬೆಂಡೆಗಿಡದ ಲೋಳೆ ಹಾಕುತ್ತಾರೆ. ಗಿಡವನ್ನೇ ಜಜ್ಜಿ ನೀರಿನಲ್ಲಿ ಹಿಚುಕಿದರೆ ಹಸಿರು ಲೋಳೆ ಬರುತ್ತದೆ. ಅದನ್ನು ಸುರಿದರೆ ಹಾಲಿನಲ್ಲಿದ್ದ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲಕ್ಕೆ ಬರುತ್ತದೆ, ಅದನ್ನು ಜಾಲರಿಯಿಂದ ತೆಗೆದು ಚೆಲ್ಲುತ್ತಾರೆ. ಬೆಲ್ಲ ಶುದ್ಧವಾಗುವುದೇ ಇದರಿಂದ. ಆದರೆ ನೋಡಲು ಆ ಲೋಳೆ ನೆಗಡಿಯಾದವರ ಸಿಂಬಳದ ಹಾಗಿರುತ್ತದೆ.

ಹಂಗಾಮಿನ ಮೊದಲ ವಾರದಲ್ಲಿ ನಾನು ಗಾಣದ ಜಾಹೀರಾತಿನ ವಿಡಿಯೋ ಮಾಡಿದ್ದೆ. ಚಾಚಾನಿಗೆ ಬಿಳಿ ಏಪ್ರನ್ ತೊಡಿಸಿ, ಕೈಗೆ ಪ್ಲಾಸ್ಟಿಕ್ ಗ್ಲೌಸ್ ಹಾಕಿಸಿದೆ. ಈ ಚೀಲ ಹಾಕಿಕೊಂಡರೆ ಪಾಕದ ಹದ ಬೆರಳಿಗೆ ಹೇಗೆ ತಿಳಿಯಬೇಕು ಎಂದು ಅವರು ನಗುತ್ತಲೇ ಹಾಕಿಕೊಂಡರು. ಬೆಂಡೆ ಲೋಳೆ ಹಾಕುವಾಗ ನನ್ನನ್ನು ಕೂಗಿ ಕರೆದು, ಇದನ್ನು ಸರಿಯಾಗಿ ತೆಗೆದುಕೋ, ನಮ್ಮ ಬೆಲ್ಲದ ಜೀವ ಇದರಲ್ಲೇ ಇದೆ ಅಂದರು. ತೆಗೆದುಕೊಂಡೆ. ಮನೆಗೆ ಬಂದು ಎಡಿಟ್ ಮಾಡುವಾಗ ನೋಡಿದರೆ ಚೆನ್ನಾಗಿ ಕಾಣಲಿಲ್ಲ. ಅಷ್ಟನ್ನೂ ಕತ್ತರಿಸಿ ಎಸೆದೆ. ಹಾಲು, ಬೆಂಕಿ, ಬಂಗಾರದ ಬಣ್ಣದ ಬೆಲ್ಲದ ಪೆಂಟಿ, ಹಿಂದೆ ಕೊಳಲಿನ ಸಂಗೀತ. ಎಲ್ಲರೂ ಮೆಚ್ಚಿದರು. ಚಾಚಾ ಮಾತ್ರ ನೋಡಿ, ಬೆಂಡೆ ಎಲ್ಲಿ ಹೋಯಿತು ಎಂದು ಕೇಳಿದರು. ವಿಡಿಯೋ ಉದ್ದವಾಗುತ್ತಿತ್ತು ಎಂದೆ.

ನಮ್ಮ ಕಡೆ ಗಾಣಕ್ಕೆ ಬಂದವರಿಗೆ ಹೊಟ್ಟೆ ತುಂಬ ಕಬ್ಬಿನ ಹಾಲು ಕೊಡುವುದು, ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಡುವುದು ರೂಢಿ. ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವುದಿಲ್ಲ. ಹಾಗೆ ಬಂದವರಲ್ಲಿ ಒಬ್ಬರು ಯಾರೋ ಹಾಲು ಕುಡಿದು, ಬೆಲ್ಲ ತಿಂದು, ಹೋಗುವಾಗ ಒಂದು ವಿಡಿಯೋ ತೆಗೆದುಕೊಂಡು ಹೋದರು. ಅದರಲ್ಲಿ ಚಾಚಾ ಬರಿಗೈಯಿಂದ ಬಕೆಟ್ ಎತ್ತಿ ಹಸಿರು ಲೋಳೆ ಸುರಿಯುತ್ತಾರೆ, ಕಪ್ಪು ನೊರೆ ಉಕ್ಕುತ್ತದೆ, ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಮೇಲೆ ಬರೆದದ್ದು, ‘ನೀವು ತಿನ್ನುವ ಬೆಲ್ಲದಲ್ಲಿ ಚರಂಡಿ ನೀರು’ ಎಂದು. ಗಾಣದ ಬೋರ್ಡೂ ಅದರಲ್ಲಿ ಕಾಣುತ್ತಿತ್ತು.

ಮರುದಿನ ಮುಂಜಾನೆ ಒಂಬತ್ತಕ್ಕೆಲ್ಲ ಅದು ನನ್ನ ಫೋನಿಗೇ ಐದು ಗ್ರೂಪುಗಳಿಂದ ಬಂತು. ಹತ್ತು ಗಂಟೆಗೆ ಯಾರೋ ಬುದ್ಧಿವಂತರು ನನ್ನ ಜಾಹೀರಾತನ್ನೂ ಆ ವಿಡಿಯೋವನ್ನೂ ಅಕ್ಕಪಕ್ಕ ಇಟ್ಟು, ತೋರಿಸುವುದು ಇದು, ಮಾಡುವುದು ಇದು ಎಂದು ಹಾಕಿದರು. ಒಂದರಲ್ಲಿ ಗ್ಲೌಸ್, ಒಂದರಲ್ಲಿ ಬರಿಗೈ. ಒಂದರಲ್ಲಿ ಲೋಳೆಯೇ ಇಲ್ಲ. ಅಡಗಿಸಿದ್ದಾರೆ ಅಂದರೆ ಏನೋ ಇದೆ ಅಂತಲೇ ಅಲ್ಲವೇ ಎಂದು ಜನ ಕೇಳತೊಡಗಿದರು. ಅಡಗಿಸಿದವನು ನಾನು. ಅಷ್ಟರಲ್ಲಿ ಚಾಚಾನ ಹೆಸರು ಯಾರೋ ಬರೆದರು. ಆಮೇಲೆ ಕಾಮೆಂಟುಗಳ ರೀತಿಯೇ ಬದಲಾಯಿತು. ಅವನ್ನು ಇಲ್ಲಿ ಬರೆಯುವುದಿಲ್ಲ, ಓದುವವರು ಊಹಿಸಬಲ್ಲರು.

ಮಹಾದೇವಿ ಅಕ್ಕ ಫೋನ್ ಮಾಡಿದರು. ಬೆಳಗಾವಿಯ ವ್ಯಾಪಾರಿ ಈ ವಾರದ ಬೆಲ್ಲ ಬೇಡ ಅಂದಿದ್ದಾರೆ, ಗೋಕಾಕದ ಕರದಂಟಿನವರೂ ಸ್ವಲ್ಪ ತಡೆಯಿರಿ ಅಂದಿದ್ದಾರೆ, ನಿನಗೆ ಇದೆಲ್ಲ ತಿಳಿಯುತ್ತದೆ, ಏನು ಮಾಡಬೇಕೋ ಮಾಡು ಎಂದರು. ತರಬೇತಿಯಲ್ಲಿ ನಮಗೆ ಒಂದು ಫೈಲು ಕೊಟ್ಟಿದ್ದರು. ಹೆಸರು ಕೆಡುವ ಪ್ರಸಂಗ ಬಂದರೆ ಮೊದಲ ಒಂದು ತಾಸಿನೊಳಗೆ ಹೇಳಿಕೆ ಕೊಡಬೇಕು, ಕಾಮೆಂಟು ಬಂದ್ ಮಾಡಬೇಕು ಎಂದು ಅದರಲ್ಲಿತ್ತು. ಹೇಳಿಕೆಯ ಮಾದರಿಗಳೂ ಇದ್ದವು. ಖಾಲಿ ಬಿಟ್ಟ ಜಾಗದಲ್ಲಿ ಸಂಸ್ಥೆಯ ಹೆಸರು ತುಂಬಿದರೆ ಆಯಿತು. ಆಹಾರದ ಬಗ್ಗೆ ಇದ್ದ ಮಾದರಿಯನ್ನು ತೆಗೆದು, ಗಾಣದ ಹೆಸರು ತುಂಬಿ, ಪೇಜಿಗೆ ಹಾಕಿದೆ. ಗ್ರಾಹಕರ ಭಾವನೆಗಳಿಗೆ ಧಕ್ಕೆಯಾದದ್ದಕ್ಕೆ ವಿಷಾದ, ಗುಣಮಟ್ಟಕ್ಕೆ ಬದ್ಧ, ಇಂಥವೇ ಮಾತುಗಳು. ಕೊನೆಯ ಸಾಲು ಹೀಗಿತ್ತು: ‘ಸಂಬಂಧಪಟ್ಟ ಕೆಲಸಗಾರನನ್ನು ತಕ್ಷಣದಿಂದ ಕೆಲಸದಿಂದ ತೆಗೆಯಲಾಗಿದೆ.’

ಆ ಸಾಲನ್ನು ನಾನು ಓದಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಓದಿದೆ. ಬರೆಯುವ ಮಾತಷ್ಟೇ, ಯಾರು ನಿಜಕ್ಕೂ ತೆಗೆಯುತ್ತಾರೆ ಅಂದುಕೊಂಡೆ. ಇದರಿಂದ ಜನರ ಸಿಟ್ಟು ಇಳಿಯುತ್ತದೆ ಎಂದೂ ಅನಿಸಿತು. ಅಕ್ಕನಿಗೆ ಓದಿ ಹೇಳಲಿಲ್ಲ. ಸಿಟ್ಟು ಇಳಿಯಲಿಲ್ಲ. ತಪ್ಪು ಒಪ್ಪಿಕೊಂಡರು ನೋಡಿ ಎಂದು ನನ್ನ ಹೇಳಿಕೆಯ ಸ್ಕ್ರೀನ್‌ಶಾಟೇ ಮೂಲ ವಿಡಿಯೋದ ಜೊತೆ ಸೇರಿ ಓಡಾಡತೊಡಗಿತು. ಬೆಂಕಿ ಆರಿಸಲು ಹೋಗಿ ತುಪ್ಪ ಸುರಿದಿದ್ದೆ.

ಮರುದಿನದಿಂದ ಚಾಚಾ ಗಾಣಕ್ಕೆ ಬರಲಿಲ್ಲ. ಬೇಜಾರಾಗಿರಬೇಕು ಎಂದು ಅಕ್ಕ ಒಂದು ದಿನ ಸುಮ್ಮನಿದ್ದರು. ಬೇರೆಯವರನ್ನು ಪಾಕಕ್ಕೆ ನಿಲ್ಲಿಸಿದರೆ ಎರಡು ಕೊಪ್ಪರಿಗೆ ಹದ ಮೀರಿ ಕರ್ರಗಾಯಿತು. ಕಡೆಗೆ ಅಕ್ಕ ಚಾಚಾನ ಮಗನಿಗೆ ಫೋನ್ ಮಾಡಿದಾಗ ಅವನು, ನೀವೇ ತೆಗೆದು ಹಾಕಿ ನೀವೇ ಯಾಕೆ ಕರೆಯುತ್ತೀರಿ ಎಂದು ಕೇಳಿದನಂತೆ. ಪೇಜಿನಲ್ಲಿ ಬಂದದ್ದನ್ನು ಅವನೇ ತಂದೆಗೆ ಓದಿ ಹೇಳಿದ್ದ. ಅಕ್ಕ ನನ್ನನ್ನು ಮಸಗುಪ್ಪಿಗೆ ಕರೆಸಿದರು. ಹೋದಾಗ ಗಾಣ ನಿಂತಿತ್ತು. ಕಡಿದು ತಂದ ಕಬ್ಬು ಅಂಗಳದಲ್ಲಿ ಒಣಗುತ್ತಿತ್ತು.

“ತಮ್ಮಾ, ಚಾಚಾನ್ನ ನಾ ಯಾವಾಗ ಕೆಲಸದಿಂದ ತಗದ್ನಿ?” ಎಂದು ಕೇಳಿದರು.

“ಅಕ್ಕಾರ, ಅದು ಬರೇ ಬರಿಯೂ ಮಾತ್ರೀ. ಹಂಗ ಬರೀತಾರ.”

“ಯಾರು ಬರೀತಾರ?”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತಾವೇ ಮೇಲವಂಕಿಗೆ ಹೋಗಿ ಬಂದದ್ದಾಗಿ ಹೇಳಿದರು. ಕಾಲು ಹಿಡಿಯುವುದಷ್ಟೇ ಬಾಕಿ, ಆದರೂ ಚಾಚಾ ಬರಲು ಒಪ್ಪಲಿಲ್ಲ, ಅವರಿಲ್ಲದೆ ಈ ಗಾಣ ನಡೆಸುವ ಆಸೆ ನನಗೂ ಇಲ್ಲ ಅಂದರು. ನಾನು ಅಲ್ಲಿಂದಲೇ ಮೇಲವಂಕಿಗೆ ಬೈಕು ತಿರುಗಿಸಿದೆ.

ಚಾಚಾ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರು ಓಣಿಯವರ ಜೊತೆ ಕೂತಿದ್ದರು. ನನ್ನನ್ನು ನೋಡಿ ಒಳಗೆ ಚಹಾ ಹೇಳಿದರು. ಒಳಗೆ ಕೂತು ಮಾತಾಡೋಣವೇ ಎಂದು ಕೇಳಿದೆ. ಇಲ್ಲೇ ಆಗಲಿ ಎಂದರು. ಕ್ಷಮೆ ಕೇಳಲು ಶುರು ಮಾಡಿದರೆ ಕೈಯೆತ್ತಿ ತಡೆದು, ಮೊದಲು ಅದನ್ನು ಓದು, ನೀನು ಬರೆದದ್ದನ್ನು ನಿನ್ನ ಬಾಯಿಂದಲೇ ಕೇಳಬೇಕು ಅಂದರು. ಫೋನು ತೆಗೆದು ಓದಿದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ದನಿ ಸಣ್ಣದಾಯಿತು. ಜೋರಾಗಿ ಎಂದರು. ಮತ್ತೆ ಓದಿದೆ. ಓಣಿಯವರು ನೆಲ ನೋಡುತ್ತಿದ್ದರು.

“ಖರೆ ಐತೇನು ಇದು?”

“ಇಲ್ಲ ಚಾಚಾ.”

“ಮತ್ತ ಯಾಕ ಬರದಿ?”

ಅಂಜಿ ಬರೆದೆ ಎಂದೆ. ಅದೊಂದು ನಿಜ ಹೇಳಿದೆ.

“ಅಂಜಿದ್ದು ನೀನು, ಹೋಗಿದ್ದು ನನ್ನ ಹೆಸರು” ಎಂದರು ಚಾಚಾ. “ಐವತ್ತ ವರ್ಷ ಬೆಂಕಿ ಮುಂದ ನಿಂತೇನಿ. ಯಾರೂ ನನ್ನ ಹೋಗು ಅಂದಿದ್ದಿಲ್ಲ. ಊರಿಗೆಲ್ಲಾ ಒದರಿ, ಈಗ ನನ್ನ ಕಿವ್ಯಾಗ ಬಂದು ತಪ್ಪಾತು ಅಂದ್ರ ಹೆಂಗ? ಎಲ್ಲಿ ಹೇಳಿದಿ, ಅಲ್ಲೇ ಹೇಳು.”

ಹಾಗಾದರೆ ನೀವೂ ವಿಡಿಯೋದಲ್ಲಿ ಬನ್ನಿ, ಬೆಂಡೆ ಯಾಕೆ ಹಾಕುತ್ತೇವೆ ಎಂದು ನೀವೇ ಹೇಳಿದರೆ ಜನ ನಂಬುತ್ತಾರೆ ಎಂದೆ. ಸಲಹೆಗಾರನ ಚಾಳಿ, ಅಷ್ಟು ಬೇಗ ಹೋಗುವುದಿಲ್ಲ. ಚಾಚಾ ತಲೆಯಾಡಿಸಿದರು. ನನ್ನ ಮುಖ ಎಲ್ಲರೂ ನೋಡಿಯಾಯಿತು, ಈಗ ನಿನ್ನ ಮುಖ ತೋರಿಸು ಅಂದರು. ಚಹಾ ಬಂತು. ಕುಡಿಯದೆ ಏಳಲು ಬಿಡಲಿಲ್ಲ.

ಹದಿನೆಂಟು ವರ್ಷ ಕ್ಯಾಮೆರಾದ ಹಿಂದೆ ನಿಂತವನು ನಾನು. ಮುಂದೆ ನಿಂತದ್ದು ನನ್ನ ಮದುವೆಯಲ್ಲಿ ಮಾತ್ರ. ಮರುದಿನ ಗಾಣದಲ್ಲಿ ಫೋನು ಅಕ್ಕನ ಕೈಗೆ ಕೊಟ್ಟು, ಕೊಪ್ಪರಿಗೆಯ ಮುಂದೆ ನಿಂತೆ. ಬೆಂಡೆಗಿಡ ಜಜ್ಜಿ, ಬರಿಗೈಯಿಂದ ಹಿಚುಕಿ, ಲೋಳೆಯನ್ನು ಬಕೆಟ್ಟಿನಿಂದ ಸುರಿದೆ. ಕಪ್ಪು ನೊರೆ ಬಂತು, ತೆಗೆದು ತೋರಿಸಿದೆ. ಜಾಹೀರಾತಿನಿಂದ ಇದನ್ನು ಕತ್ತರಿಸಿದವನು ನಾನು, ಗ್ಲೌಸ್ ತೊಡಿಸಿದವನು ನಾನು, ದಸ್ತಗೀರ ಚಾಚಾನನ್ನು ಯಾರೂ ಕೆಲಸದಿಂದ ತೆಗೆದಿಲ್ಲ, ಆ ಸಾಲು ಸುಳ್ಳು, ಅದನ್ನು ಬರೆದವನೂ ನಾನು ಎಂದು ಹೆಸರು ಊರು ಸಹಿತ ಹೇಳಿದೆ. ಫೋನು ಸೊಟ್ಟ ಹಿಡಿದಿದ್ದರಿಂದ ಅರ್ಧ ತಲೆ ಕತ್ತರಿಸಿ ಹೋಗಿತ್ತು. ಇನ್ನೊಮ್ಮೆ ತೆಗೆಯೋಣವೇ ಎಂದು ಅಕ್ಕ ಕೇಳಿದರು. ಬೇಡ ಎಂದು ಹಾಗೇ ಹಾಕಿದೆ. ಕಾಮೆಂಟು ತೆರೆದಿಟ್ಟೆ. ಬೈಗುಳಕ್ಕೂ ಉತ್ತರ ಬರೆದೆ, ಬಂದು ನೋಡಿ ಎಂದು.

ಕೆಲವರು ಬಂದರು. ಗೋಕಾಕದ ಕರದಂಟಿನ ಅಂಗಡಿಯವರು ಸ್ವತಃ ಬಂದು, ನೊರೆ ತೆಗೆಯುವುದನ್ನು ಕೊನೆಯವರೆಗೆ ನಿಂತು ನೋಡಿ, ಹಾಲು ಕುಡಿದು, ಬೆಲ್ಲ ಒಯ್ದರು. ಹಲ್ಲಿನ ಡಾಕ್ಟರು ಮಾತ್ರ ನಿಮ್ಮ ಸೇವೆ ಸಾಕು ಅಂದರು. ತಪ್ಪನ್ನು ಊರಿಗೆಲ್ಲ ಹೇಳಿಕೊಳ್ಳುವ ಸಲಹೆಗಾರ ಯಾರಿಗೆ ಬೇಕು? ಅವರ ಮೇಲೆ ನನಗೆ ಸಿಟ್ಟಿಲ್ಲ. ವಿಡಿಯೋ ಹಾಕಿದ ನಾಲ್ಕನೇ ದಿನ ಮುಂಜಾನೆ ಚಾಚಾ ತಾವಾಗಿಯೇ ಬಂದು ಒಲೆಯ ಮುಂದೆ ನಿಂತರು ಎಂದು ಫೋನಿನಲ್ಲಿ ಹೇಳುತ್ತ ಅಕ್ಕ ಅತ್ತುಬಿಟ್ಟರು.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯ ಕಥೆಯಾಗುತ್ತಿತ್ತು. ಚಾಚಾ ಈಗಲೂ ಪಾಕ ನೋಡುತ್ತಾರೆ. ಆದರೆ ಬಂದವರು ಯಾರಾದರೂ ಫೋನು ಎತ್ತಿದರೆ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ. ಬನ್ನಿ, ಇದನ್ನು ತೆಗೆದುಕೊಳ್ಳಿ ಎಂದು ಕೂಗಿ ಕರೆಯುತ್ತಿದ್ದ ಮನುಷ್ಯ. ನನ್ನ ಜೊತೆ ಚೆನ್ನಾಗಿಯೇ ಇದ್ದಾರೆ, ಹೋದರೆ ಹಾಲು ಕೊಡಿಸುತ್ತಾರೆ. ನಾನು ಫೋನು ಕಿಸೆಯಿಂದ ತೆಗೆದರೆ ಮಾತ್ರ ಟವೆಲ್ಲು ಮೇಲೇರುತ್ತದೆ. ಎಷ್ಟೋ ಸಲ ಗಂಟೆ ನೋಡಲೆಂದು ತೆಗೆದಿರುತ್ತೇನೆ.

ಆ ಹೇಳಿಕೆಯನ್ನು ನನ್ನ ವಿಡಿಯೋ ಹಾಕಿದ ದಿನವೇ ಪೇಜಿನಿಂದ ಅಳಿಸಿದ್ದೆ. ಸ್ಕ್ರೀನ್‌ಶಾಟನ್ನು ಅಳಿಸುವುದು ಯಾರ ಕೈಯಲ್ಲೂ ಇಲ್ಲ. ಪ್ರತಿ ಹಂಗಾಮಿನಲ್ಲಿ ಅದು ಹಳೆಯ ವಿಡಿಯೋದ ಜೊತೆ ಮತ್ತೆ ಹೊರಡುತ್ತದೆ. ಹೋದ ತಿಂಗಳು ನಮ್ಮ ಮನೆತನದ ಗ್ರೂಪಿಗೇ ಬಂತು. ಹಾಕಿದವರು ನನ್ನ ಸ್ವಂತ ಸೋದರಮಾವ, ಎಲ್ಲರೂ ಎಚ್ಚರವಾಗಿರಿ ಎಂಬ ಮಾತಿನೊಂದಿಗೆ. ಎಲ್ಲಿ ಕಂಡರೂ ಅಲ್ಲಿ ಅದರ ಕೆಳಗೆ ಎರಡು ವಾಕ್ಯ ಬರೆಯುತ್ತೇನೆ. ಎಷ್ಟು ಸಲ ಬರೆದಿದ್ದೇನೆಂದರೆ, ಈಗ ನಾನು ‘ಇದನ್ನು’ ಎಂದು ಒತ್ತಿದರೆ ಸಾಕು, ಮುಂದಿನದನ್ನು ಫೋನೇ ತಂದು ಇಡುತ್ತದೆ: ‘ಬರೆದವನು ನಾನು. ಇದು ಸುಳ್ಳು.’