ಗಿರಮಿಟ್ ಅಂದರೆ ಕ್ರೇಟ್ ಬೀಳುವುದಿಲ್ಲ

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಹೊನವಾಡದ ಹೆಣ್ಣುಮಕ್ಕಳ ದ್ರಾಕ್ಷಿ ಗ್ಯಾಂಗಿಗೆ ಮುಂದಾಳು. ಗ್ಯಾಂಗಿನವರು ನನ್ನನ್ನು ಆಯಿ ಅನ್ನುತ್ತಿದ್ದರು, ತೋಟದವರು ಗಂಗವ್ವ ಅನ್ನುತ್ತಿದ್ದರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಓದಿದ್ದು ಕಡಿಮೆ, ಬಯ್ದದ್ದು ಹೆಚ್ಚು. ಈಗ ಮೊಣಕಾಲು ಸೋತು ವಿಜಯಪುರದ ಜೋರಾಪುರ ಪೇಟೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಮೊಮ್ಮಗಳು ಕೇಳಿದಳು: "ಆಯಿ, ಕೆಲವು ಶಬ್ದ ಕೇಳಿದ್ರ ಸುಮ್ಮಸುಮ್ಮನ ನಗು ಬರತೈತಲ್ಲ, ಯಾಕ?" ಪುಸ್ತಕದಲ್ಲಿ ಏನು ಬರೆದಿದ್ದಾರೋ ನನಗೆ ಗೊತ್ತಿಲ್ಲ. ಕೆಲಸದಲ್ಲಿ ಕಂಡದ್ದು ಗೊತ್ತು. ಅದನ್ನೇ ಬರೆಯುತ್ತೇನೆ.

ಗ್ಯಾಂಗಿನ ಕೆಲಸ ಅಂದರೆ ಬಳ್ಳಿಯ ಗೊಂಚಲಲ್ಲಿ ಕಾಯಿ ವಿರಳ ಮಾಡುವುದು, ಹಣ್ಣಾದ ಮೇಲೆ ಕಡಿಯುವುದು, ಶೆಡ್ಡಿನಲ್ಲಿ ಒಣಹಾಕುವುದು, ಒಣಗಿದ ಮೇಲೆ ಇಳಿಸುವುದು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತಾರೆ. ಮಣೂಕದ ಶೆಡ್ಡಿಗೆ ಗೋಡೆ ಇರುವುದಿಲ್ಲ, ತಲೆಯ ಮೇಲೆ ತಗಡು ಅಷ್ಟೆ. ಕಂಬದಿಂದ ಕಂಬಕ್ಕೆ ಒಂದರ ಮೇಲೊಂದು ಬಲೆಯಂಥ ಜಾಳಿಗೆ ಬಿಗಿದು, ಅದರ ಮೇಲೆ ಹಣ್ಣು ಹರಡಿದರೆ ಗಾಳಿಗೆ ಒಣಗಿ ಸುಕ್ಕಾಗುತ್ತದೆ. ಗಾಳಿ ಆಡಲೆಂದೇ ಶೆಡ್ಡು ಬಯಲು. ಬಯಲಾದ್ದರಿಂದಲೇ ಮಳೆಯ ಭಯ. ಒಣಗಿದ ಮಣೂಕಕ್ಕೆ ನೀರು ಬಡಿದರೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಆಮೇಲೆ ದನವೂ ಮೂಸುವುದಿಲ್ಲ.

ಇಳಿಸುವ ದಿನ ಜಾಳಿಗೆಯನ್ನು ಕೆಳಗಿನಿಂದ ಬಡಿದು, ಉದುರಿದ್ದನ್ನು ಪ್ಲಾಸ್ಟಿಕ್ ಕ್ರೇಟಿಗೆ ತುಂಬಿ, ತೋಟದ ದಾಸ್ತಾನಿನ ಕೋಣೆಗೆ ಸಾಗಿಸಬೇಕು. ನಾವು ತಲೆಯ ಮೇಲೆ ಹೊತ್ತು ಓಡಾಡುತ್ತಿರಲಿಲ್ಲ. ಶೆಡ್ಡಿನಿಂದ ಕೋಣೆಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಅದಕ್ಕೊಂದು ಕಟ್ಟಳೆ ಇತ್ತು. ಕೊಡುವವಳು ಒಂದು ಮಾತು ಕೂಗಬೇಕು. ತಗೊಳ್ಳುವವಳು ಕ್ರೇಟನ್ನು ಗಟ್ಟಿಯಾಗಿ ಹಿಡಿದ ಮೇಲೆ ಅದೇ ಮಾತನ್ನು ತಿರುಗಿ ಕೂಗಬೇಕು. ಆಮೇಲೆಯೇ ಮೊದಲಿನವಳು ಕೈ ಬಿಡಬೇಕು. ಧೂಳಿಗೆ ಎಲ್ಲರೂ ಮುಖಕ್ಕೆ ಟಾವೆಲ್ ಸುತ್ತಿಕೊಂಡಿರುತ್ತಾರೆ, ಕಣ್ಣು ಮುಂದಿನ ಕ್ರೇಟಿನ ಮೇಲಿರುತ್ತದೆ. ಹಿಡಿದಳೋ ಇಲ್ಲವೋ ಎಂದು ಕಿವಿಯಿಂದಲೇ ತಿಳಿಯಬೇಕು.

ಮೊದಮೊದಲು ಆ ಮಾತು "ಹಿಡಿ" ಅಂತ ಇತ್ತು. ಸ್ವಲ್ಪ ಹೊತ್ತಿಗೆ ನಾಲಿಗೆಗೆ ರೂಢಿಯಾಗಿಬಿಡುತ್ತಿತ್ತು. ಕೈ ನಿದ್ದೆ ಮಾಡುತ್ತಿದ್ದರೂ ಬಾಯಿ "ಹಿಡಿ" ಅನ್ನುತ್ತಿತ್ತು. ಕ್ರೇಟು ನೆಲಕ್ಕೆ. ಅದಕ್ಕೇ ನಾನು ದಿನಕ್ಕೊಂದು ಮಾತು ಮಾಡಿದೆ. ಬೆಳಿಗ್ಗೆ ಟಂಟಂ ಆಟೋದಲ್ಲಿ ಕೂತು ಹೋಗುವಾಗ ಎಲ್ಲರೂ ಕೂಡಿ ಆ ದಿನದ ಮಾತನ್ನು ಆರಿಸುತ್ತಿದ್ದೆವು. ಹೀಗೆ ಎಷ್ಟೋ ಸೀಜನ್ ಆರಿಸಿ ಆರಿಸಿ, ಯಾವ ಶಬ್ದಕ್ಕೆ ಹೆಂಗಸರು ನಗುತ್ತಾರೆ, ಯಾವುದಕ್ಕೆ ನಗುವುದಿಲ್ಲ ಅನ್ನುವುದು ನನಗೆ ಪಾಠವಾಯಿತು. ಹೀರೇಕಾಯಿ ಅಂದರೆ ಯಾರೂ ನಗುವುದಿಲ್ಲ. ಬದನೆಕಾಯಿಗೆ ಒಬ್ಬಿಬ್ಬರು ನಗುತ್ತಾರೆ. ಡೊಣ್ಣಮೆಣಸಿನಕಾಯಿ ಅಂದರೆ ಇಡೀ ಟಂಟಂ ಅಲುಗಾಡುತ್ತದೆ. ಮೂರೂ ಕಾಯಿಯೇ. ಮೂರನ್ನೂ ಪಲ್ಯ ಮಾಡಿ ತಿಂದವರೇ. ನಗು ಕಾಯಿಯಲ್ಲಿ ಇಲ್ಲ ಅಂತಾಯಿತು.

ನನ್ನ ಲೆಕ್ಕ ಹೀಗಿದೆ. ಕೆಲವು ಶಬ್ದ ಬಾಯಿಂದ ನುಣ್ಣಗೆ ಜಾರಿ ಹೋಗುತ್ತವೆ. ಕೆಲವು ಬಾಯೊಳಗೆ ಡಿಕ್ಕಿ ಹೊಡೆದು ಹೊರಬೀಳುತ್ತವೆ. ಹೀಗೆ ಎಡವುತ್ತ ಬರುವ ಶಬ್ದವನ್ನು ಕೇಳಿದರೆ, ತಲೆಗೆ ಪಟಗ ಸುತ್ತಿದ ದೊಡ್ಡ ಮನುಷ್ಯ ಕಾಲು ಜಾರಿದ್ದನ್ನು ನೋಡಿದ ಹಾಗೆ ಆಗುತ್ತದೆ. ಅವನು ನಮಗೆ ಏನೂ ಅಂದಿರುವುದಿಲ್ಲ. ಆದರೂ ನಗು ತಡೆಯುವುದಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ತೋಟ ಟಿಕೋಟಾದ ಆಚೆ, ಎರಡು ಎಕರೆ. ಅದನ್ನು ನೋಡಿಕೊಳ್ಳುತ್ತಿದ್ದವಳು ಕಸ್ತೂರಿ. ಗಂಡನಿಗೆ ವಿಜಯಪುರದಲ್ಲಿ ಆಫೀಸಿನ ನೌಕರಿ, ಸಂಜೆಗೇ ಮನೆ ಸೇರುವವ. ದ್ರಾಕ್ಷಿ ಹಚ್ಚೋಣ ಅಂದವಳೂ ಕಸ್ತೂರಿಯೇ, ಬಳ್ಳಿಯನ್ನು ಕೂಸಿನ ಹಾಗೆ ಸಾಕಿದವಳೂ ಅವಳೇ. ಅವಳ ಗಂಡನ ಅಣ್ಣ ಶಿವಪ್ಪನಿಗೆ ಇದು ಮೊದಲಿನಿಂದಲೂ ಸೇರಿರಲಿಲ್ಲ. ಹಿಂದಿನ ವರ್ಷದ ಫಸಲು ಅಕಾಲದ ಮಳೆಗೆ ಹೋಗಿತ್ತು. ಆಗ ಮನೆ ಮಂದಿಯ ಮುಂದೆ ಹೇಳಿಬಿಟ್ಟಿದ್ದ: "ಬರೂ ವರ್ಷ ಮಣೂಕ ಕೋಣಿಗಿ ಬರಲಿಲ್ಲಂದ್ರ ಬಳ್ಳಿ ಕಿತ್ತು ಕಬ್ಬು ಹಚ್ಚತೀವಿ. ಆಮ್ಯಾಲ ಅಳಬಾರದು." ಕಸ್ತೂರಿ ಆಗಲಿ ಅಂದಿದ್ದಳು. ಮಾತು ಕೊಟ್ಟಾಗಿತ್ತು.

ಆ ಬೆಳಿಗ್ಗೆ ಟಂಟಂನಲ್ಲಿ ಯಾರೋ "ಗಿರಮಿಟ್" ಅಂದರು. ಚುರುಮುರಿಗೆ ಉಳ್ಳಾಗಡ್ಡಿ, ಒಗ್ಗರಣೆ ಹಾಕಿ ಕಲಸಿದ ತಿನಿಸು, ಮತ್ತೇನಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ಗಟ್ಟಿಯಾಯಿತು.

ನಗದೆ ಕೂತವರು ಇಬ್ಬರೇ. ನೀಲವ್ವ ಮತ್ತು ರೇಣುಕಾ, ಒಂದೇ ಮನೆಯ ಸೊಸೆಯಂದಿರು, ನೆಗೆಣ್ಣಿಯರು. ಸಂಕ್ರಾಂತಿಯಿಂದ ಇಬ್ಬರಿಗೂ ಮಾತಿರಲಿಲ್ಲ. ಒಬ್ಬ ಬಸುರಿಯ ಕುಬಸದ ಕಾರ್ಯದಲ್ಲಿ ಹಿರಿಯವಳು ನೀಲವ್ವ ಬೀಗರ ಮುಂದೆ, ರೇಣುಕಾ ಬಡಿದ ರೊಟ್ಟಿಯನ್ನು ಎತ್ತಿ ಹಿಡಿದು, "ಇದನ್ನ ತಿನ್ನೂದೋ, ಮಾಳಗಿಗಿ ಹೊದಸೂದೋ" ಅಂದಿದ್ದಳು. ಅಷ್ಟೇ ಸಾಕಾಯಿತು. ದಿನಾ ನಾನು ಸಾಲು ನಿಲ್ಲಿಸುವಾಗ ಅವರಿಬ್ಬರ ನಡುವೆ ಮೂರು ಮಂದಿಯನ್ನಾದರೂ ಹಾಕುತ್ತಿದ್ದೆ.

ಕೋಣೆ ಗುಡಿಸಿ, ಕ್ರೇಟು ಒರೆಸಿಟ್ಟು ಮಧ್ಯಾಹ್ನದ ರೊಟ್ಟಿ ಬಿಚ್ಚಿದ್ದೆವಷ್ಟೆ, ಮಣೂಕ ಇನ್ನೂ ಜಾಳಿಗೆಯ ಮೇಲೇ ಇತ್ತು. ಪಡುವಣದಿಂದ ತಣ್ಣನೆ ಗಾಳಿ ಬಂತು. ನಾನು ತಲೆ ಎತ್ತಿ ನೋಡಿದರೆ ಆಕಾಶ ಹಂಚಿನ ತಳದ ಹಾಗೆ ಕಪ್ಪಾಗಿತ್ತು. ಶೆಡ್ಡಿನ ಪಕ್ಕಕ್ಕೆ ತಾಡಪತ್ರಿ ಇಳಿಬಿಟ್ಟೆವು. ಮೊದಲ ಬೀಸಿಗೇ ಅದು ಹಗ್ಗ ಕಿತ್ತುಕೊಂಡು ಹೋಗಿ ಬೇಲಿಗೆ ಸುತ್ತಿಕೊಂಡಿತು.

"ಗಂಗವ್ವಾ," ಅಂದಳು ಕಸ್ತೂರಿ. ಬೇಲಿಯ ಕಡೆ ಕೈ ತೋರಿಸಿದಳು.

"ನಿಂತ ನೋಡಿದ್ರ ಮಳಿ ನಿಲ್ಲಂಗಿಲ್ಲ," ಅಂದೆ. "ಅರ್ಧ ಮಂದಿ ಜಾಳಿಗಿ ಬಡೀರಿ, ಉಳದಾವ್ರು ಸಾಲ ಹಿಡೀರಿ. ರೊಟ್ಟಿ ಆಮ್ಯಾಲ."

ಶೆಡ್ಡಿಗೂ ಕೋಣೆಗೂ ನಡುವೆ ನೀರು ಬಿಟ್ಟ ಎರೆಹೊಲ. ಹೊತ್ತು ನಡೆದರೆ ಕಾಲು ಹೂತು ಹೋಗುತ್ತದೆ, ಕೈಗಾಡಿ ಉರುಳುವುದಿಲ್ಲ. ಒಬ್ಬೊಬ್ಬರ ಕಾಲಡಿಗೆ ಒಂದೊಂದು ಗೋಣಿಚೀಲ ಹಾಕಿ, ನಿಂತ ಜಾಗ ಬಿಡಬೇಡಿ ಅಂದೆ. ಅವಸರದಲ್ಲಿ ಯಾರು ಎಲ್ಲಿ ನಿಂತರು ಅಂತ ನಾನು ನೋಡಲಿಲ್ಲ. ಮೊದಲ ಕ್ರೇಟು ಹೊರಟಿತು. "ಗಿರಮಿಟ್." "ಗಿರಮಿಟ್." ಮೂರನೆಯವಳಿಗೆ ನಗು ಬಂತು, ನಾಲ್ಕನೆಯವಳಿಗೆ ಹತ್ತಿತು, ಐದನೆಯವಳ ಕೈ ಸಡಿಲವಾಗಿ ಕ್ರೇಟು ಕೆಸರಿಗೆ ಬಿತ್ತು. ನಗು ಕೈಯ ಬಲವನ್ನು ತಿನ್ನುತ್ತದೆ. ಹೊಟ್ಟೆ ಹಿಡಿದುಕೊಂಡು ನಗುವವರು ಏನನ್ನಾದರೂ ಗಟ್ಟಿಯಾಗಿ ಹಿಡಿದದ್ದನ್ನು ನಾನು ಕಂಡಿಲ್ಲ.

ಕಸ್ತೂರಿಯ ಮುಖ ನೋಡುವ ಹಾಗಿರಲಿಲ್ಲ. "ಕೈ ಮುಗೀತೀನ್ರಿ, ನಗೂ ಹೊತ್ತಲ್ಲ ಇದು. ಚಲೋದೊಂದು ಮಾತ ಅನ್ರಿ. ಮಲ್ಲಿಗಿ ಅನ್ರಿ."

ಅವಳ ಸಂಕಟ ಅವಳದು. ಆಗಲಿ ಅಂದೆ. ಎಲ್ಲರೂ "ಮಲ್ಲಿಗಿ" ಅಂತ ಶುರು ಮಾಡಿದರು.

ನಗುವೇನೋ ನಿಂತಿತು. ಅದರ ಜೊತೆ ಸಾಲಿನ ಜೀವವೂ ನಿಂತಿತು. ಮಲ್ಲಿಗಿ ಅನ್ನುವುದು ಬೆಣ್ಣೆಯಂಥ ಶಬ್ದ, ಎಲ್ಲಿ ಮುಗಿಯಿತು ಅಂತ ಕಿವಿಗೆ ತಿಳಿಯುವುದಿಲ್ಲ. ಗುಡುಗು ಬೇರೆ. ಹೆಂಗಸರು ಮೆಲ್ಲಗೆ, ದೇವರ ಮುಂದೆ ನಿಂತವರ ಹಾಗೆ, ಮಲ್ಲಿಗಿ ಮಲ್ಲಿಗಿ ಅನ್ನುತ್ತ ಮೋಡ ನೋಡತೊಡಗಿದರು. ಕಣ್ಣು ಮೋಡಕ್ಕೆ ಹೋದರೆ ಕೈ ಎಲ್ಲಿ ಹೋಗುತ್ತದೆ? ಒಂದೊಂದು ಕ್ರೇಟು ದಾಟುವುದಕ್ಕೆ ಯುಗ ಹಿಡಿಯಿತು.

ಅಷ್ಟರಲ್ಲಿ ಸಾಲಿನ ನಡುವೆ ಧಡ್ ಅಂತು. ಕೆಸರೆಲ್ಲ ಹಾರಿತು. ನೋಡಿದರೆ ಬಿದ್ದ ಕ್ರೇಟಿನ ಆ ಕಡೆ ನೀಲವ್ವ, ಈ ಕಡೆ ರೇಣುಕಾ. ಅವಸರದಲ್ಲಿ ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ನೀಲವ್ವ ಮಲ್ಲಿಗಿ ಅಂದಿದ್ದಾಳೆ, ರೇಣುಕಾ ತುಟಿ ಬಿಚ್ಚಿಲ್ಲ. ಮುಂದಿನ ಯಾರದೋ ಮಲ್ಲಿಗಿ ಕೇಳಿ, ಹಿಡಿದಿದ್ದಾಳೆ ಅಂದುಕೊಂಡು ನೀಲವ್ವ ಬಿಟ್ಟಿದ್ದಾಳೆ.

"ಬಾಯಾಗ ಏನ್ ಇಟಗೊಂಡೀ ಬೇ?" ಅಂತ ಕೂಗಿದೆ.

"ಆಯಿ, ಆಕಿಗಿ ನಾ ಮಲ್ಲಿಗಿ ಅನ್ನಂಗಿಲ್ಲ," ಅಂದಳು ರೇಣುಕಾ. "ಬೇಕಾದ್ರ ನನ್ನ ಗ್ಯಾಂಗ್ ಬಿಡಸ್ರಿ."

ನನಗೆ ಅವಳ ಕಷ್ಟ ತಿಳಿಯಿತು. ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡವಳು ಎದುರಾಳಿಯ ಮುಂದೆ ನಿಂತು ಮಲ್ಲಿಗಿ ಅಂದರೆ ಸೋತ ಹಾಗೆಯೇ ಅಲ್ಲವೇ? ಆದರೆ ಸಾಲು ಬದಲಿಸುವಷ್ಟು ವೇಳೆ ಇರಲಿಲ್ಲ. ಮೊದಲ ಹನಿಗಳು ತಗಡಿನ ಮೇಲೆ ಟಪ್ ಟಪ್ ಅಂದವು. ಕಸ್ತೂರಿ ಕೆಸರಿನಲ್ಲಿ ಕೂತು ಬಿದ್ದ ಮಣೂಕವನ್ನು ಬೊಗಸೆಯಲ್ಲಿ ಬಳಿಯುತ್ತಿದ್ದಳು. ಅದು ಕೆಲಸಕ್ಕೆ ಬಾರದು ಅಂತ ಅವಳಿಗೂ ಗೊತ್ತಿತ್ತು.

ಆಗ ನೀಲವ್ವನಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಕ್ರೇಟು ಅವಳ ಕೈಗೆ ಬಂದದ್ದೇ ತಡ, ಅದನ್ನು ರೇಣುಕಾಳ ಎದೆಯ ಮುಂದೆ ಒಡ್ಡಿ, ಟಾವೆಲ್ ಕೆಳಗೆ ಸರಿಸಿ, ಹಲ್ಲು ಕಚ್ಚಿ ಕೂಗಿದಳು: "ಗಿರಮಿಟ್."

ಬೈದ ಹಾಗೆಯೇ ಅಂದಳು. ಆ ಶಬ್ದದಲ್ಲಿ ಬೈಗುಳ ಏನೂ ಇಲ್ಲ, ಚುರುಮುರಿ ಇದೆ, ಉಳ್ಳಾಗಡ್ಡಿ ಇದೆ. ಆದರೆ ಕೇಳಿದವರಿಗೆ ಮೈ ಉರಿಯಬೇಕು, ಹಾಗೆ ಎಸೆದಳು. ರೇಣುಕಾಳ ತವರು ಮಮದಾಪುರ. ಕೆರೆಯ ಆಚೆ ದಂಡೆಯ ಕುರಿಯನ್ನು ಈಚೆ ದಂಡೆಯಿಂದ ಕರೆದು ಬೆಳೆದವಳು. ಅವಳು ಸುಮ್ಮನಿರುತ್ತಾಳೆಯೇ? ಕ್ರೇಟನ್ನು ಎರಡೂ ಕೈಯಿಂದ ಕಸಿದುಕೊಂಡು, ಗುಡುಗು ಅಡಗುವ ಹಾಗೆ ತಿರುಗಿ ಒದರಿದಳು: "ಗಿರಮಿಟ್."

ಕ್ರೇಟು ಬೀಳಲಿಲ್ಲ.

"ಹಂಗ ಬೈಕೋಂತ ಕೊಡ್ರಿ," ಅಂದೆ ನಾನು. "ಮಲ್ಲಿಗಿ ಗಿಲ್ಲಿಗಿ ಸಾಕು. ಎಲ್ಲಾರೂ ಗಿರಮಿಟ್ ಅನ್ರಿ."

ಆಮೇಲೆ ನೋಡಬೇಕಿತ್ತು. ಎಲ್ಲರೂ ಎದುರಿನವಳನ್ನು ಬೈದ ಹಾಗೆ ಕೂಗತೊಡಗಿದರು. ಅತ್ತೆಯ ಮೇಲಿನ ಸಿಟ್ಟು, ಗಂಡನ ಮೇಲಿನ ಸಿಟ್ಟು, ಮೋಡದ ಮೇಲಿನ ಸಿಟ್ಟು, ಎಲ್ಲವೂ ಅದರಲ್ಲೇ ಹೋಯಿತು. ಕೊನೆಯ ಆ "ಟ್" ಇದೆಯಲ್ಲ, ಅದು ಬಾಗಿಲಿಗೆ ಚಿಲಕ ಬಿದ್ದ ಹಾಗೆ. ಅದು ಕಿವಿಗೆ ಬಿತ್ತು ಅಂದರೆ ಕ್ರೇಟು ಗಟ್ಟಿಯಾಯಿತು ಅಂತ. ನಗುವೂ ಇತ್ತು. ಆದರೆ ಮೊದಲಿನ ಸಡಿಲ ನಗುವಲ್ಲ. ಭಯ ಬಂದು ಕೂರಬೇಕಾದ ಜಾಗದಲ್ಲಿ ಬಂದು ಕೂತ ನಗು ಅದು, ಕೈಗೆ ಇಳಿಯಲಿಲ್ಲ. ಕ್ರೇಟುಗಳು ಓಡಿದವು. ಕಸ್ತೂರಿಯೂ ಎದ್ದು ಬಂದು ಕೋಣೆಯ ಬಾಗಿಲಲ್ಲಿ ನಿಂತಳು, ಎಲ್ಲರಿಗಿಂತ ಜೋರಾಗಿ ಅವಳೇ ಕೂಗಿದಳು. ಆಣೆಕಲ್ಲು ಬಿದ್ದವು. ಒಬ್ಬರೂ ಗೋಣಿಚೀಲ ಬಿಟ್ಟು ಕದಲಲಿಲ್ಲ. ತಲೆಗೆ ಟಪ್ ಅಂತ ಕಲ್ಲು ಬಿದ್ದರೆ ಅದಕ್ಕೂ ಒಂದು ಗಿರಮಿಟ್ ಅನ್ನುತ್ತಿದ್ದರು.

ಮಳೆ ಧೋ ಅಂತ ಸುರಿಯುವ ಹೊತ್ತಿಗೆ ಜಾಳಿಗೆಯ ಮೇಲೆ ಪಡುವಣ ಅಂಚಿನ ಒಂದಿಷ್ಟು ಮಾತ್ರ ಉಳಿದಿತ್ತು. ಅದು ತೋಯ್ದು ಹೋಯಿತು. ಮಿಕ್ಕದ್ದೆಲ್ಲ ಕೋಣೆಯೊಳಗೆ. ನಾವೂ ಅಲ್ಲೇ ತುರುಕಿಕೊಂಡು ನಿಂತೆವು.

ಮಳೆ ಹೊಳವಾದ ಮೇಲೆ ಶಿವಪ್ಪ ಬಂದ. ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು, ಧೋತರ ಎತ್ತಿ ಹಿಡಿದು, ಕೆಸರು ತುಳಿಯುತ್ತ ಬಂದ. ಬಯಲು ಶೆಡ್ಡು, ಬರಿದಾದ ಜಾಳಿಗೆ, ಕೆಸರಿನಲ್ಲಿ ಚೆಲ್ಲಿದ ಮಣೂಕ ಕಂಡ. ಮುಖ ಗಂಟಿಕ್ಕಿದ.

"ಎಷ್ಟ ಉಳೀತವ್ವಾ?" ಅಂದ.

ಕೂಗಿ ಕೂಗಿ ಕಸ್ತೂರಿಯ ನಾಲಿಗೆಯ ತುದಿಯಲ್ಲಿ ಉಳಿದದ್ದು ಒಂದೇ ಮಾತು. "ಗಿರಮಿಟ್," ಅಂದಳು.

ಶಿವಪ್ಪ ಕಣ್ಣು ಕಣ್ಣು ಬಿಟ್ಟ. "ಏನು?"

ಕೋಣೆಯೊಳಗಿದ್ದ ನಾವೆಲ್ಲ ಒಟ್ಟಿಗೆ "ಗಿರಮಿಟ್" ಅಂದೆವು. ಆಗ ಬಂತು ನೋಡಿ ನಿಜವಾದ ನಗು. ನೆಲದ ಮೇಲೆ ಕೂತು ನಕ್ಕೆವು. ಹಿಡಿಯಬೇಕಾದ್ದು ಕೈಯಲ್ಲಿ ಏನೂ ಇರಲಿಲ್ಲವಲ್ಲ.

ಅವನು ನಮ್ಮನ್ನು ದಾಟಿಕೊಂಡು ಒಳಗೆ ಬಂದು ಕ್ರೇಟುಗಳನ್ನು ನೋಡಿದ. ಒಂದು ಹಿಡಿ ಮಣೂಕ ತೆಗೆದು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ. "ಕಬ್ಬಿನ ಮಾತು ಈಗ್ಯಾಕ," ಅಂದು, ಇನ್ನೊಂದು ಹಿಡಿ ತೆಗೆದುಕೊಂಡು ಹೊರಟ. ಬಳ್ಳಿ ಇವತ್ತಿಗೂ ಅಲ್ಲೇ ಇವೆ.

ನೀಲವ್ವ, ರೇಣುಕಾ ರಾಜಿಯಾದರು ಅಂತ ನೀವು ಅಂದುಕೊಂಡಿದ್ದರೆ, ಇಲ್ಲ. ಸಂಜೆ ಟಂಟಂನಲ್ಲಿ ಮತ್ತೆ ಒಬ್ಬಳು ಆ ತುದಿ, ಒಬ್ಬಳು ಈ ತುದಿ. ಇವತ್ತಿಗೂ ಇಬ್ಬರಿಗೂ ಮಾತಿಲ್ಲ. ಆದರೆ ಮನೆಯಲ್ಲಿ ಒಬ್ಬಳು ಇನ್ನೊಬ್ಬಳ ಕೈಗೆ ನೀರಿನ ಕೊಡವನ್ನೋ, ಕೂಸನ್ನೋ ದಾಟಿಸಬೇಕಾದಾಗ ಮುಖ ಆ ಕಡೆ ತಿರುಗಿಸಿಕೊಂಡೇ "ಗಿರಮಿಟ್" ಅನ್ನುತ್ತಾಳಂತೆ. ಅವಳೂ ಅನ್ನುತ್ತಾಳಂತೆ. ಕೊಡವೂ ಬಿದ್ದಿಲ್ಲ, ಕೂಸೂ ಬಿದ್ದಿಲ್ಲ.

ಕೆಲಸ ನನಗೆ ಕಲಿಸಿದ್ದು ಇದು. ಚೆಂದದ ಮಾತಿಗೆ ಚೆಂದದ ಮನಸ್ಸು ಬೇಕು, ಅದು ಎಲ್ಲರ ಹತ್ತಿರ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ನಗು ಬರುವ ಶಬ್ದಕ್ಕೆ ಏನೂ ಬೇಡ. ಸಿಟ್ಟಿದ್ದವರೂ ಅನ್ನಬಹುದು, ಹೆದರಿದವರೂ ಅನ್ನಬಹುದು. ಅದರೊಳಗೆ ಏನೂ ತುಂಬಿಲ್ಲ, ಅದಕ್ಕೇ ಯಾರು ಬೇಕಾದರೂ ತಮ್ಮದನ್ನು ತುಂಬಿ ದಾಟಿಸಬಹುದು. ಎದುರಿನವರು ತಿರುಗಿ ಅಂದರೆ ಮಾತ್ರ ಕೈ ಬಿಡಿ.